ಹಿತ್ತಲಿನ ಮೂರು ಬಾಳೆ

ಚಮನಸಾಬರು ನಿವೃತ್ತರಾಗಿ ಮನೆಯಲ್ಲಿ ಕೂತ ಮೇಲೆ ಮೊದಲ ಒಂದೆರಡು ತಿಂಗಳು ಎಲ್ಲರಿಗೂ ಹಿತವಾಗಿಯೇ ಇತ್ತು. ಬೈಲಹೊಂಗಲದಿಂದ ರಾಮದುರ್ಗ, ಸವದತ್ತಿ, ಕಿತ್ತೂರು ಎಂದು ಬಸ್ಸು ಓಡಿಸುತ್ತ ಆಯುಷ್ಯವನ್ನೆಲ್ಲ ದಾರಿಯ ಮೇಲೆ ಕಳೆದ ಮನುಷ್ಯ. ಹೆಂಡತಿ ಮೆಹರುನಬಿ ತಾಟಿಗೆ ಬಿಸಿ ರೊಟ್ಟಿ ಹಾಕುತ್ತ, "ಈಗರ ಆರಾಮ ಕುಂತು ಉಣ್ರಿ" ಎಂದಳು. ಅವರು ಕೂತು ಉಂಡರು. ಉಂಡ ಮೇಲೆ ಎಲ್ಲಿ ಕೂಡಬೇಕು ಎಂಬುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಮನೆ ಚಿಕ್ಕದು. ಮುಂದಿನ ಖೋಲಿಯಲ್ಲಿ ಡಿಗ್ರಿ ಓದುವ ಮಗಳು ಗುಲಫಶಾ ಪುಸ್ತಕ ಹರವಿಕೊಂಡು ಕೂತಿರುತ್ತಿದ್ದಳು. ನಡುವಿನ ಖೋಲಿ ಮಗ ನಾಸಿರ, ಸೊಸೆ ಫಿರದೋಸ್ ಇವರದು. ಅದರಾಚೆ ಅಡುಗೆಮನೆ. ಬೀದಿಯ ಕಡೆ ಮೊದಲು ಒಂದು ಕಟ್ಟೆ ಇತ್ತು. ರಸ್ತೆಗೆ ಕಾಂಕ್ರೀಟು ಹಾಕುವಾಗ ಅದನ್ನು ಒಡೆದರು. ಈಗ ಬಾಗಿಲು ತೆರೆದು ಕಾಲಿಟ್ಟರೆ ನೇರ ಗಟಾರ.

ಉಳಿದದ್ದು ಹಿತ್ತಲು. ಅದು ಹೆಂಗಸರ ಜಾಗ. ಎತ್ತರದ ಗೋಡೆ, ಒಂದು ಬಚ್ಚಲು, ನೀರು ಕಾಯಿಸುವ ಹಂಡೆ, ಬಟ್ಟೆ ಒಗೆಯುವ ಕಲ್ಲು, ಮೂಲೆಯಲ್ಲಿ ಮೆಹರುನಬಿ ಮದುವೆಯಾಗಿ ಬಂದ ವರ್ಷ ನೆಟ್ಟ ಮೆಹಂದಿ ಗಿಡ. ಫಿರದೋಸ್ ಸವದತ್ತಿಯಿಂದ ಈ ಮನೆಗೆ ಸೊಸೆಯಾಗಿ ಬಂದು ಮೂರನೆಯ ವರ್ಷ. ತಲೆಯ ಮೇಲಿನ ಸೆರಗು ಜಾರಿದರೆ ಎತ್ತಿಕೊಳ್ಳಬೇಕಿಲ್ಲದ ಜಾಗ ಅವಳಿಗೆ ಅದೊಂದೇ. ಒಗೆತ ಮುಗಿಸಿ, ಕೂದಲು ಬಿಚ್ಚಿ, ಬಿಸಿಲಿಗೆ ಬೆನ್ನು ಕೊಟ್ಟು ಕೂಡುತ್ತಿದ್ದಳು. ಅತ್ತೆ ಅಂಗೈಯಲ್ಲಿ ತಂಬಾಕು ತಿಕ್ಕುತ್ತ ಗೋಡೆಯಾಚೆಯ ಇಂದ್ರವ್ವನ ಜೊತೆ ಊರ ಸುದ್ದಿ ಆಡುತ್ತಿದ್ದಳು. ಅತ್ತೆ ಸೊಸೆಯ ಜಗಳವೂ ಅಲ್ಲೇ, ನಗೆಯೂ ಅಲ್ಲೇ.

ಮಳೆ ಹಿಡಿದ ಹೊಸದರಲ್ಲಿ ಒಂದು ಮುಂಜಾನೆ ಚಮನಸಾಬರು ಸಂಗೊಳ್ಳಿಗೆ ಹೋದವರು ಹೆಗಲ ಮೇಲೆ ಗೋಣಿಚೀಲ ಹೊತ್ತು ಬಂದರು. ಸಂಗೊಳ್ಳಿಯ ಮಹಾಂತಪ್ಪ ಅವರದೇ ಬಸ್ಸಿನಲ್ಲಿ ಬಹಳ ವರ್ಷ ಕಂಡಕ್ಟರ್ ಆಗಿದ್ದವನು. ಈಗ ಹೊಳೆಯ ದಂಡೆಯಲ್ಲಿ ತುಸು ಹೊಲ ಮಾಡಿಕೊಂಡಿದ್ದ. ಚೀಲ ಬಿಚ್ಚಿದರೆ ಮೂರು ಬಾಳೆಯ ಮರಿಗಳು, ಬುಡಕ್ಕೆ ಗಡ್ಡೆ, ಮೇಲೆ ಕತ್ತಿಯಂಥ ಸಪೂರ ಎಲೆ.

"ಏನ್ರಿ ಇದು?" ಎಂದಳು ಮೆಹರುನಬಿ.

"ಬಾಳಿ. ಅಗಲ ಎಲಿ ಇದ್ದ ಮರಿ ಹಚ್ಚಬಾರದಂತ, ಹಿಂಗ ಕತ್ತಿ ಹಂಗ ಇರಬೇಕಂತ. ಹಿತ್ತಲಾಗ ಹಚ್ಚತೇನಿ."

"ಹಿತ್ತಲಾಗ ಎಲ್ಲಿ ಜಾಗಾ ಐತಿ?"

"ಮಾಡಿದ್ರ ಆಗತೈತಿ."

ಅವರು ಮಾಡಿದರು. ಮರುದಿನ ಹೆಂಗಸರು ಪೇಟೆಯಿಂದ ಬರುವಷ್ಟರಲ್ಲಿ ಮೆಹಂದಿ ಗಿಡ ಬುಡಸಮೇತ ನೆಲಕ್ಕೆ ಬಿದ್ದಿತ್ತು. ಮೊಣಕಾಲು ನೋವಿನ ಮನುಷ್ಯ ಬೆವರು ಸುರಿಸುತ್ತ ಮೊಣಕೈಯಾಳದ ಮೂರು ಗುಂಡಿ ತೆಗೆದಿದ್ದರು. ಮೆಹರುನಬಿ ಕೈಚೀಲ ಕೆಳಗಿಟ್ಟು ಆ ಗಿಡದ ಕಡೆಗೇ ನೋಡಿದಳು.

"ಇದರ ಬೇರು ಮಣ್ಣಿನ ಕಸುವೆಲ್ಲಾ ತಿಂತಿತ್ತು," ಎಂದರು ಚಮನಸಾಬರು.

"ಒಂದ ಮಾತು ಕೇಳಬೇಕಿಲ್ಲ?"

"ಮೆಹಂದಿ ಏನು, ಪೇಟ್ಯಾಗ ಪುಡಿ ಸಿಗತೈತಿ."

ಸಂಜೆ ರೊಟ್ಟಿ ಬಡಿಯುವಾಗ ಮೆಹರುನಬಿಯ ಕೈಯ ಸಪ್ಪಳ ದಿನಕ್ಕಿಂತ ಜೋರಾಗಿತ್ತು. ಅಷ್ಟು ಫಿರದೋಸ್‌ಗೆ ಕೇಳಿಸಿತು.

ಬಾಳೆ ಹಚ್ಚುವುದು ಚಮನಸಾಬರಿಗೆ ಹೊಸದು. ಬಾಳೆಗೆ ನೀರು ಬೇಕು ಎಂಬುದೊಂದು ಗೊತ್ತು. ಮುಂಜಾನೆ ಎರಡು ಕೊಡ, ಸಂಜೆ ಎರಡು ಕೊಡ ಸುರಿದರು. ಅದು ಎರೆ ಮಣ್ಣು. ಕುಡಿದ ನೀರನ್ನು ಬಿಟ್ಟುಕೊಡುವುದಿಲ್ಲ. ಮೇಲೆ ಮಳೆ ಬೇರೆ. ಗುಂಡಿಯಲ್ಲಿ ನೀರು ನಿಂತೇ ಇತ್ತು. ನಳದ ನೀರು ದಿನ ಬಿಟ್ಟು ದಿನ ಬರುವ ಓಣಿ ಅದು. ಟಾಕಿ ಬೇಗ ಬರಿದಾಗಿ, ಪಾತ್ರೆ ತೊಳೆಯುವಾಗ ಫಿರದೋಸ್ ಚರಿಗೆ ಅಳೆದು ಸುರಿಯಬೇಕಾಯಿತು.

ಕೆಲವೇ ದಿನದಲ್ಲಿ ಒಂದು ಮರಿಯ ಎಲೆ ಹಳದಿಗೆ ತಿರುಗಿತು. ಬುಡ ಹಿಡಿದು ಅಲುಗಿಸಿದರೆ ಕೈಗೇ ಬಂತು, ಕೊಳೆತ ವಾಸನೆ.

ಗುಲಫಶಾ ಮೊಬೈಲು ನೋಡುತ್ತ ಬಾಗಿಲಲ್ಲಿ ನಿಂತಳು. "ಅಬ್ಬಾ, ನೀರ ಹೆಚ್ಚಾಗಿ ಬೇರು ಕೊಳತೈತಿ. ಎರಿ ಮಣ್ಣಿದ್ರ ಏರ ಮಾಡಿ ಹಚ್ಚಬೇಕಂತ, ನೀರ ಹರದ ಹೋಗಬೇಕಂತ."

"ಬಸ್ಸಿನಾಗ ಕುಂತು ಡ್ರೈವರ್‌ಗೆ ದಾರಿ ಹೇಳಬ್ಯಾಡ," ಎಂದರು ಅವರು. ಆದರೂ ಮಧ್ಯಾಹ್ನ ಸಂಗೊಳ್ಳಿಗೆ ಹೋಗಿ ಮಹಾಂತಪ್ಪನನ್ನು ಕೇಳಿಕೊಂಡು ಇನ್ನೊಂದು ಮರಿ ತಂದರು. ನಾಸಿರನ ಸಾಮಾನಿನ ಟೆಂಪೋದಲ್ಲಿ ಕೆಂಪು ಮಣ್ಣು, ಗರಸು, ಹಳೆಯ ಸಗಣಿ ಗೊಬ್ಬರ ತರಿಸಿದರು. ಗುಂಡಿ ಮುಚ್ಚಿ, ಮಣ್ಣು ಏರಿಸಿ, ದಿಬ್ಬ ಮಾಡಿ ಮೂರನ್ನೂ ಮತ್ತೆ ನೆಟ್ಟರು. ಆ ದಿಬ್ಬಕ್ಕೆ ಜಾಗ ಸಾಲದೆ ಒಗೆಯುವ ಕಲ್ಲನ್ನು ಬಚ್ಚಲ ಬಾಗಿಲಿಗೆ ಒತ್ತಿ ಸರಿಸಿದರು. ಈಗ ಬಟ್ಟೆ ಎತ್ತಿ ಒಗೆದರೆ ಮೊಣಕೈ ಗೋಡೆಗೆ ತಾಗುತ್ತಿತ್ತು.

ಬಾಳೆ ಮಾತ್ರ ಹಿಡಿಯಿತು. ಸುರುಳಿ ಎಲೆಗಳು ಒಂದರ ಹಿಂದೆ ಒಂದು ಬಿಚ್ಚಿದವು. ಬೆರಳು ಮಣ್ಣಿಗೆ ತೂರಿ ಹಸಿ ಇದೆಯೋ ಇಲ್ಲವೋ ನೋಡಿ ನೀರು ಹಾಕುವುದನ್ನು, ಒಣಗಿದ ಎಲೆಯನ್ನು ಕೊಯ್ದು ಬುಡಕ್ಕೇ ಹಾಸುವುದನ್ನು ಅವರು ಕಲಿತರು. ಒಂದು ಪ್ಲಾಸ್ಟಿಕ್ ಕುರ್ಚಿ ಹಿತ್ತಲಿಗೆ ಬಂತು. ಮುಂಜಾನೆಯ ಚಹಾ ಅಲ್ಲೇ, ಪೇಪರು ಅಲ್ಲೇ. ಮಧ್ಯಾಹ್ನ ನಮಾಜಿಗೆ ಮಸೀದಿಗೆ ಹೋಗಿ ಬಂದು ಮತ್ತೆ ಅಲ್ಲೇ.

ಫಿರದೋಸ್ ತಲೆಯ ಮೇಲೆ ಸೆರಗು ಬಿಗಿದುಕೊಂಡೇ ಬಟ್ಟೆ ಒಗೆದಳು. ತೊಯ್ದ ಸೀರೆ ಮೈಗಂಟಿದರೆ ಮಾವನ ಕಡೆ ಬೆನ್ನು ಮಾಡಿದಳು. ಸ್ನಾನಕ್ಕೆ ಹೋಗಬೇಕೆಂದರೆ ಅವರು ಎದ್ದು ಹೋಗುವ ತನಕ ಒಲೆಯ ಮುಂದೆ ಸುಮ್ಮನೆ ಕಾದಳು. ಒಳ ಬಟ್ಟೆಗಳನ್ನು ಖೋಲಿಯೊಳಗೆ ಹಗ್ಗ ಕಟ್ಟಿ ಒಣಹಾಕಿದಳು. ಅವು ಒಣಗದೆ ಮುಗ್ಗಲು ನಾರಿದವು. ಮಾವ ಅವಳೊಡನೆ ನೇರವಾಗಿ ಮಾತಾಡಿದವರಲ್ಲ. ಏನಿದ್ದರೂ ಹೆಂಡತಿಯ ಕಡೆ ತಿರುಗಿ, "ಆಕಿಗೆ ಹೇಳು, ಸಬಕಾರದ ನೀರು ಈ ಕಡೆ ಬಿಡಬಾರದು" ಎನ್ನುತ್ತಿದ್ದರು. ಅವಳು ಎರಡು ಮಾರು ದೂರದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಳು.

ಮೆಹರುನಬಿ ಹೇಳದೆ ಇರಲಿಲ್ಲ. "ಮುಂಜಾನಿ ಒಂದ ತಾಸು ಹೊರಗ ಅಡ್ಡಾಡಿ ಬರ್ರಿ, ಹುಡುಗಿಗೆ ಜಳಕಾ ಮಾಡಾಕ ಆಗವಲ್ದು" ಎಂದಳು. ಅವರು ಹ್ಞೂಂ ಎಂದು ಎಲೆಯ ಅಡಿ ಹುಳ ಹುಡುಕಿದರು. ಇನ್ನೊಂದು ದಿನ, "ಇಂದ್ರವ್ವ ಗ್ವಾಡಿ ಕಡೆ ಬರೂದ ಬಿಟ್ಟಾಳ, ನೀವು ಇರತೀರಂತ" ಎಂದಳು. "ಬಂದ್ರ ನಾ ಏನ್ ಅಂತೇನಿ?" ಎಂದರು ಅವರು.

ಕೊನೆಗೆ ಫಿರದೋಸ್ ಗಂಡನಿಗೆ ಹೇಳಿದಳು. ನಾಸಿರ ಸಮಾಧಾನದ ಮನುಷ್ಯನಲ್ಲ. ಮರುದಿನ ಊಟಕ್ಕೆ ಕೂತಾಗಲೇ ಮಾತು ತೆಗೆದ.

"ಅಬ್ಬಾ, ನೀವು ದಿನಾ ಪೂರಾ ಹಿತ್ತಲಾಗ ಕುಂತ್ರ ಹೆಣ್ಮಕ್ಕಳು ಏನ್ ಮಾಡಬೇಕ್ರಿ?"

ಚಮನಸಾಬರ ಕೈ ತಾಟಿನಲ್ಲಿ ನಿಂತಿತು. "ಯಾರ ಹೇಳಿದ್ರು ನಿನಗ?"

"ಯಾರರ ಹೇಳ್ಲಿ. ಖರೇ ಐತಿಲ್ಲೋ?"

ಅವರು ಸೊಸೆಯ ಕಡೆ ನೋಡಲಿಲ್ಲ. ಪುಂಡಿಪಲ್ಯ ಅರ್ಧಕ್ಕೇ ಬಿಟ್ಟು ಕೈ ತೊಳೆದರು. ಆ ಹೊತ್ತಿನಿಂದ ಕುರ್ಚಿ ಹಿತ್ತಲಿನಿಂದ ಕದಲಲೇ ಇಲ್ಲ.

ಶುಕ್ರವಾರ ಮಧ್ಯಾಹ್ನ. ಚಮನಸಾಬರೂ ನಾಸಿರನೂ ನಮಾಜಿಗೆ ಹೋಗಿದ್ದರು, ಗುಲಫಶಾ ಕಾಲೇಜಿನಲ್ಲಿದ್ದಳು. ಮೆಹರುನಬಿ ಹಾಸಿಗೆಯ ಹೊದಿಕೆಗಳನ್ನು ಸೋಡಾ ಹಾಕಿ ಹಂಡೆಯಲ್ಲಿ ಕುದಿಸಿದ್ದಳು. ಫಿರದೋಸ್ ಅವನ್ನು ಹಿಂಡಲೆಂದು ಹಿತ್ತಲ ಬಾಗಿಲಿಗೆ ಬಂದು ಅಲ್ಲೇ ನಿಂತಳು. ಅತ್ತೆ ಕುದಿಯುವ ನೀರಿನ ಬಕೀಟನ್ನು ಎರಡೂ ಕೈಯಿಂದ ಎತ್ತಿ ಗೋಡೆಯ ಪಕ್ಕದ ಬಾಳೆಯ ಬುಡಕ್ಕೆ ಸುರಿಯುತ್ತಿದ್ದಳು. ಅವಸರವಿಲ್ಲ, ಗಾಬರಿಯಿಲ್ಲ. ಹಬೆ ಎದ್ದು ಅವಳ ಮುಖ ಮುಚ್ಚಿತು. ಬಕೀಟು ಬರಿದಾದ ಮೇಲೆ ಅವಳು ತಿರುಗಿದಳು. ಸೊಸೆಯನ್ನು ಕಂಡಳು.

"ಹೊದಿಕಿ ಹಿಂಡು," ಎಂದಳು.

ಇಬ್ಬರೂ ಹೊದಿಕೆಯ ಎರಡು ತುದಿ ಹಿಡಿದು ಹಿಂಡಿದರು.

ಮೊದಲು ಎಲೆ ಜೋತವು, ಆಮೇಲೆ ಬುಡ ಕಂದಿತು. ಚಮನಸಾಬರು ನೀರು ಕಮ್ಮಿ ಮಾಡಿ ನೋಡಿದರು, ಬೇವಿನ ಹಿಂಡಿ ಹಾಕಿ ನೋಡಿದರು. ಊಟದ ಮೇಲೆ ಮನಸ್ಸಿಲ್ಲ. ಒಂದು ದಿನ ಪೇಟೆಗೆ ಬಂದ ಮಹಾಂತಪ್ಪನನ್ನು ಮನೆಗೇ ಕರೆತಂದರು. ಮಹಾಂತಪ್ಪ ಚಹಾ ಕುಡಿದು, ಗಿಡದ ಹತ್ತಿರ ಕುಕ್ಕರಗಾಲಲ್ಲಿ ಕೂತು ಕಾಂಡದ ಹೊರ ಪದರ ಸುಲಿದ. ಸುಲಿದಲ್ಲೆಲ್ಲ ಮೆತ್ತಗಾಗಿತ್ತು.

"ಇದು ರೋಗ ಅಲ್ಲಪಾ," ಎಂದ. "ಬೆಂದೈತಿ. ಬಿಸಿನೀರು ಬಿದ್ದೈತಿ ನೋಡು." ಹೇಳಿದ ಮೇಲೆ ಮನೆಯವರ ಮುಖ ನೋಡಿ, ಹೇಳಬಾರದಿತ್ತು ಅನ್ನಿಸಿತೋ ಏನೋ, "ಜಳಕದ ನೀರು ತಪ್ಪಿ ಬಿದ್ದಿರಬೇಕು" ಎಂದು ಸೇರಿಸಿ ಬೇಗನೆ ಹೊರಟ.

ಅವನು ಹೋದ ಮೇಲೆ ಚಮನಸಾಬರು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಫಿರದೋಸ್ ಒಲೆಯ ಮುಂದಿದ್ದಳು, ಮೆಹರುನಬಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು.

"ಆಕಿಗೆ ಕೇಳು," ಎಂದರು ಹೆಂಡತಿಗೆ, "ನನ್ನ ಮ್ಯಾಲಿನ ಸಿಟ್ಟು ಗಿಡದ ಮ್ಯಾಲ ಯಾಕ ತೀರಿಸಿದ್ಳು ಅಂತ."

ಫಿರದೋಸ್ ಅತ್ತೆಯ ಮುಖ ನೋಡಿದಳು. ಮೆಹರುನಬಿ ಉಳ್ಳಾಗಡ್ಡಿಯಿಂದ ಕಣ್ಣೆತ್ತಲಿಲ್ಲ.

"ನಾ ಮಾಡಿಲ್ರಿ, ಅಬ್ಬಾ," ಎಂದಳು ಫಿರದೋಸ್.

"ಹಂಗಾರ ಯಾರ ಮಾಡ್ಯಾರ? ನಾಸಿರಗ ಚಾಡಿ ಹೇಳಿದವರ್‍ಯಾರು?"

"ಅವರಿಗೆ ಹೇಳಿದ್ದು ಖರೇ. ಗಿಡಾ ನಾ ಮುಟ್ಟಿಲ್ಲ."

ಅವರು ಹೊರಟುಹೋದರು. ಆ ದಿನದಿಂದ ಸೊಸೆ ಮಾಡಿದ ಅಡುಗೆ ಮುಟ್ಟಲಿಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಪುರಿ-ಬಾಜಿ, ಮಿರ್ಚಿ ತಿಂದು ಬಂದು ಎದೆ ಉರಿ ಎಂದು ಸೋಡಾ ಕುಡಿದು ಕೂಡುತ್ತಿದ್ದರು. ಬಿಸಿ ರೊಟ್ಟಿ ಮಾಡಿ ಮೆಹರುನಬಿಯೇ ತಾಟು ಒಯ್ದರೂ, "ಹಿಟ್ಟು ನಾದಿದವರ್‍ಯಾರು?" ಎಂದು ಕೇಳಿ ದೂಡಿದರು. ನಾಸಿರ ಅಪ್ಪನ ಜೊತೆ ಮಾತು ಬಿಟ್ಟ. ಟೆಂಪೋ ತೊಳೆಯುವ ನೆಪದಲ್ಲಿ ಹೊತ್ತು ಮಾಡಿ ಮನೆಗೆ ಬರುತ್ತಿದ್ದ. ಗುಲಫಶಾ ಒಂದು ಸಂಜೆ ಪುಸ್ತಕ ಮುಚ್ಚಿ, "ಒಂದ ಬಾಳಿ ಸಲುವಾಗಿ ನಾಕು ಮಂದಿ ಮಾತು ಬಿಟ್ಟೀರಿ, ಮತ್ತೊಂದ ಸತ್ರ ಏನ್ ಮಾಡತೀರಿ?" ಎಂದಳು.

ಫಿರದೋಸ್ ಯಾಕೆ ಬಾಯಿ ಬಿಡಲಿಲ್ಲ ಎಂದರೆ, ಹೇಳಿದರೆ ನಂಬುವವರು ಯಾರು? ಮದುವೆಯಾಗಿ ಇಷ್ಟು ವರ್ಷ ಬಾಳಿದ ಹೆಂಡತಿಯ ಮೇಲೆ ನಿನ್ನೆ ಮೊನ್ನೆ ಬಂದ ಹುಡುಗಿ ಹೇಳುವ ಮಾತು. ಅದೂ ಅಲ್ಲದೆ, ಆ ಮೆಹಂದಿ ಗಿಡ ಬಿದ್ದ ದಿನ ಅತ್ತೆ ಅದನ್ನು ನೋಡುತ್ತ ನಿಂತಿದ್ದು ಅವಳ ಕಣ್ಣಿನಿಂದ ಹೋಗಿರಲಿಲ್ಲ. ಗಂಡ ಕೇಳಿದಾಗಲೂ, "ನಾ ಅಲ್ಲ" ಎಂದಷ್ಟೇ ಹೇಳಿ ಗೋಡೆಗೆ ಮುಖ ಮಾಡಿ ಮಲಗಿದಳು.

ಸ್ವಲ್ಪ ದಿನಕ್ಕೆ ನಾಸಿರ ಒಂದು ಸುದ್ದಿ ತಂದ. ಪೇಟೆಯ ಹಿಂದಿನ ಓಣಿಯಲ್ಲಿ ಬಾಡಿಗೆಗೆ ಎರಡು ಖೋಲಿ ಇವೆ, ಸ್ವಂತ ಬಚ್ಚಲು, ಮೇಲೆ ಒಣಹಾಕಲು ಮಾಳಿಗೆ. "ಹೋಗೂಣು," ಎಂದ. ಮದುವೆಯಾದ ಹೊಸದರಿಂದ ಫಿರದೋಸ್ ಮನಸ್ಸಿನಲ್ಲೇ ಹೊಂದಿಸಿಟ್ಟುಕೊಂಡಿದ್ದ ಮನೆ ಅದೇ: ತನ್ನ ಒಲೆ, ತನ್ನ ಡಬ್ಬಿಗಳ ಸಾಲು, ಯಾವಾಗ ಬೇಕಾದರೂ ಬಿಚ್ಚಬಹುದಾದ ತನ್ನ ಕೂದಲು. ಹ್ಞೂಂ ಎನ್ನಲು ಬಾಯಿ ತೆರೆದಳು. ಆದರೆ ಬಂದದ್ದು, "ನೋಡೂಣು ತಡೀರಿ."

ಮರುದಿನ ಮೆಹರುನಬಿ ಅವಳನ್ನು ಹಿತ್ತಲಿಗೆ ಕರೆದಳು. ಚಮನಸಾಬರು ಹೋಟೆಲಿಗೆ ಹೋಗಿದ್ದರು, ಕುರ್ಚಿ ಖಾಲಿ ಇತ್ತು. ಸತ್ತ ಗಿಡವನ್ನು ಕಿತ್ತ ಜಾಗದಲ್ಲಿ ಬರೀ ದಿಬ್ಬ.

"ನಾಸಿರ ಹೇಳಿದ, ಬ್ಯಾರೆ ಮನಿ ನೋಡ್ಯಾನಂತ," ಎಂದಳು.

"ಹೌದ್ರಿ."

"ಹೋಗ್ರಿ." ಮೆಹರುನಬಿ ಅಂಗೈಯ ತಂಬಾಕನ್ನು ಊದಿದಳು. "ನಿನಗ ಬೇಕಾದ ಮನಿ ನಿನಗ ಸಿಗತೈತಿ. ಇವರ ಕೂಡ ಹಿತ್ತಲದ ಲೆಕ್ಕಾ ನಾನ ತೀರಿಸ್ಕೋತೇನಿ. ಆ ಶುಕ್ರವಾರದ್ದು ಮಾತ್ರ ನೀ ಯಾರ ಮುಂದೂ ತಗೀಬ್ಯಾಡ."

"ಇಷ್ಟ ದಿನಾ ತಗದಿಲ್ರಿ, ಅಮ್ಮಿ."

"ಮತ್ತ?"

"ನಾ ಹ್ವಾದ ಮ್ಯಾಲ ಮಂದಿ ಏನ್ ಅಂತಾರ? ಮಾವನ ಗಿಡಾ ಸುಟ್ಟು ಬ್ಯಾರೆ ಹ್ವಾದ್ಳು ಅಂತಾರ. ಸವದತ್ತಿಗೆ ನಮ್ಮವ್ವನ ಕಿವಿಗೂ ಬೀಳತೈತಿ. ಇಲ್ಲೆ ಇದ್ರ ಒಂದಿನ ಮರೀತಾರ. ಹ್ವಾದ್ರ ಅದು ನನ್ನ ಹಣಿ ಮ್ಯಾಲ ಬರದಂಗ."

"ಮಂದಿ ನಾಕ ದಿನ ಅಂತಾರ, ಬಿಡತಾರ."

"ನಿಮ್ಮನ್ನ ಅಂದಿದ್ರ ನೀವು ನಾಕ ದಿನ ತಡಕೋತಿದ್ರೇನು?"

ಮೆಹರುನಬಿಯ ಕೈ ನಿಂತಿತು. ಸೊಸೆ ಅವಳಿಗೆ ಹೀಗೆ ಎದುರು ನಿಂತು ಮಾತಾಡಿದ್ದು ಅದೇ ಮೊದಲು. ಬಯ್ಯುತ್ತಾಳೆ ಎಂದು ಫಿರದೋಸ್ ಕಾದಳು. ಅತ್ತೆ ಎದ್ದು, ಸೀರೆ ಝಾಡಿಸಿ ಒಳಗೆ ಹೋದಳು.

ಭಾನುವಾರ ಮಟನ್ ಮಾಡಿದ್ದರು. ಗುಲಫಶಾ ಕೈ ಹಿಡಿದು ಎಳೆದುಕೊಂಡು ಬಂದದ್ದರಿಂದ ಚಮನಸಾಬರೂ ಬಂದು ಕೂತರು, ಆದರೆ ತಾಟಿಗೆ ಕೈ ಹಚ್ಚಲಿಲ್ಲ. ನಾಸಿರ ಎರಡು ತುತ್ತು ಉಂಡು, ಯಾರ ಕಡೆಗೂ ನೋಡದೆ, "ಮುಂದಿನ ತಿಂಗಳಾ ನಾವು ಬಾಡಿಗಿ ಮನಿಗೆ ಹೊಂಟೇವಿ" ಎಂದ.

"ಹೋಗ್ರಿ," ಎಂದರು ಚಮನಸಾಬರು. "ಮನ್ಯಾಗ ಮನಸ್ಯಾನ ಕಿಂತ ಸಿಟ್ಟು ದೊಡ್ಡದಾದ್ರ ಹೋಗೂದ ಚೊಲೊ."

"ಸಿಟ್ಟು ಯಾರದ್ರಿ? ಹದಿನೈದ ದಿನಾತು ಆಕಿ ಮಾಡಿದ್ದು ಮುಟ್ಟವಲ್ಲಿರಿ."

"ಯಾಕ ಮುಟ್ಟವಲ್ಲೆ ಅಂತ ಆಕಿಗೆ ಗೊತ್ತೈತಿ."

ಫಿರದೋಸ್ ಬಡಿಸುವ ಸೌಟನ್ನು ಪಾತ್ರೆಗೆ ಇಟ್ಟಳು. "ನಾ ಬರೂದಿಲ್ಲ," ಎಂದಳು ಗಂಡನಿಗೆ.

"ಏನು?"

"ಬಾಡಿಗಿ ಮನಿಗೆ ನಾ ಬರೂದಿಲ್ಲ. ಹ್ವಾದ್ರ ನಾನ ಮಾಡೇನಿ ಅಂತ ಒಪ್ಪಿಕೊಂಡಂಗ ಆಗತೈತಿ. ನಾ ಮಾಡಿಲ್ಲ. ಅಬ್ಬಾ ಉಣ್ಣಲಿ, ಬಿಡಲಿ, ನಾ ಇಲ್ಲೇ ಅಡಗಿ ಮಾಡತೇನಿ."

ನಾಸಿರನ ಕಿವಿ ಕೆಂಪಾಯಿತು. "ನಿನ್ನ ಸಲುವಾಗಿ ನಾ ಮನಿ ಹುಡಿಕ್ಯಾಡಿದ್ರ—"

"ನಾ ಸುರುವೇನಿ," ಎಂದಳು ಮೆಹರುನಬಿ.

ಅವಳು ಒಲೆಯ ಪಕ್ಕ ಮಣೆಯ ಮೇಲೆ ಕೂತಿದ್ದಳು. ಯಾರಿಗೂ ಮೊದಲು ಅರ್ಥವಾಗಲಿಲ್ಲ.

"ಆ ಬಿಸಿನೀರು ನಾ ಸುರುವೇನಿ. ಸೋಡಾದ ನೀರು. ಈಕಿ ನೋಡ್ಯಾಳ, ನೋಡಿನೂ ಬಾಯಿ ಬಿಟ್ಟಿಲ್ಲ."

ಚಮನಸಾಬರು ಹೆಂಡತಿಯ ಕಡೆ ನೋಡಿದರು, ಆಮೇಲೆ ಸೊಸೆಯ ಕಡೆ, ಮತ್ತೆ ಹೆಂಡತಿಯ ಕಡೆ. "ಯಾಕ?" ಎಂದರು. ಸಿಟ್ಟಿನಿಂದ ಕೇಳಿದಂತಿರಲಿಲ್ಲ.

"ಎಷ್ಟ ಸಲ ಹೇಳಿದ್ನಿ? ಒಂದ ತಾಸು ಬಿಡ್ರಿ ಅಂದ್ನಿ. ನೀವು ಎಲಿ ನೋಡಕೋತ ಹ್ಞೂಂ ಅಂದ್ರಿ. ನನ್ನ ಗಿಡಾ ಕಡದ್ರಿ, ನನ್ನ ಕಲ್ಲು ಸರಿಸಿದ್ರಿ. ಮದಿವ್ಯಾಗಿ ಬಂದಾಗಿಂದ ನೀವು ದಾರಿ ಮ್ಯಾಲ, ನಾ ಹಿತ್ತಲಾಗ. ನಿಮ್ಮ ಬಸ್ಸಿನಾಗ ನಾ ಬಂದು ಕುಂತೇನೇನು, ಈ ಸೀಟ ನಂದು ಅಂತ?"

"ಹೇಳಿದ್ರ ಎದ್ದು ಹೊಕ್ಕಿದ್ನಿ."

"ಹೇಳಿದ್ನ್ಯಲ್ಲಾ."

"ಎದ್ದು ಎಲ್ಲಿ ಹೋಗ್ಲಿ ನಾ?" ಎಂದರು ಚಮನಸಾಬರು. ದನಿ ಒಮ್ಮೆಲೇ ಸಣ್ಣದಾಗಿತ್ತು. "ಮುಂದ ಈಕಿ ಓದತಾಳ, ಕೆಮ್ಮಿದ್ರ ಮುಖಾ ಮಾಡತಾಳ. ನಡುವಿನ ಖೋಲಿಗೆ ನಾ ಕಾಲಿಡಾಂಗಿಲ್ಲ. ಅಡಗಿ ಮನ್ಯಾಗ ನಿಂತ್ರ, ಏನ್ ಬೇಕ್ರಿ ಅಂತೀರಿ. ಕಟ್ಟಿ ಹೋತು. ಹೋಟೆಲಿನ್ಯಾಗ ಒಂದ ಚಾ ಮ್ಯಾಲ ಎಷ್ಟೊತ್ತ ಕುಂಡ್ರಲಿ? ಈ ಮನಿ ಕಟ್ಟಿಸಿದವ ನಾ. ಕುಂಡ್ರಾಕ ಒಂದ ಜಾಗಾ ತೋರಿಸು."

ಮಟನ್ ತಣ್ಣಗಾಗುತ್ತಿತ್ತು. ಗುಲಫಶಾ ತಲೆ ತಗ್ಗಿಸಿ ರೊಟ್ಟಿಯ ಅಂಚು ಮುರಿಯುತ್ತಿದ್ದಳು. ಚಮನಸಾಬರು ತಾಟು ಹತ್ತಿರ ಎಳೆದುಕೊಂಡರು. ಸೊಸೆ ಮಾಡಿದ ಆ ಊಟವನ್ನು ಮುಗಿಯುವ ತನಕ ಉಂಡರು. ಮರುದಿನ ಮುಂಜಾನೆ ಒಂದು ಚೀಲದಲ್ಲಿ ಎರಡು ಜೊತೆ ಬಟ್ಟೆ ಹಾಕಿಕೊಂಡು ಸಂಗೊಳ್ಳಿಯ ಬಸ್ಸು ಹತ್ತಿದರು.

ನಾಸಿರ ಕರೆತರಲು ಹೊರಟರೆ ಮೆಹರುನಬಿ ಬಿಡಲಿಲ್ಲ. "ತಾವಾಗೆ ಹ್ವಾದವರು ತಾವಾಗೆ ಬರಲಿ" ಎಂದಳು. ಹಿತ್ತಲು ಖಾಲಿಯಾಯಿತು. ಮೆಹರುನಬಿ ಕುರ್ಚಿಯನ್ನು ಗೋಡೆಗೆ ಒರಗಿಸಿದಳು. ಗೋಡೆಯಾಚೆಯಿಂದ ಇಂದ್ರವ್ವ ಮಾತಿಗೆ ಕರೆದರೆ ಎರಡು ಮಾತಿಗೇ ಮುಗಿಸಿ ಒಳಗೆ ಬಂದಳು. ಫಿರದೋಸ್ ಕೂದಲು ಬಿಚ್ಚಿ ಬಿಸಿಲಿಗೆ ಕೂತರೂ ಹಿತವೆನಿಸಲಿಲ್ಲ. ಬೀದಿಯಲ್ಲಿ ಚಪ್ಪಲಿಯ ಸಪ್ಪಳವಾದಾಗಲೆಲ್ಲ ಅತ್ತೆ ಸೊಸೆ ಇಬ್ಬರೂ ಬಾಗಿಲ ಕಡೆ ನೋಡುತ್ತಿದ್ದರು, ನೋಡಿದ್ದು ಇನ್ನೊಬ್ಬರಿಗೆ ಗೊತ್ತಾಗದಂತೆ ಮತ್ತೆ ಕೆಲಸಕ್ಕೆ ಬಾಗುತ್ತಿದ್ದರು.

ಆ ವಾರ ಹಿಂಗಾರಿ ಮಳೆ ಹಿಡಿಯಿತು. ಗಟಾರ ತುಂಬಿ ಹಿತ್ತಲಿನ ನೀರು ಹೊರಗೆ ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಉಳಿದೆರಡು ಬಾಳೆಯ ದಿಬ್ಬಗಳ ಸುತ್ತ ನೀರು ಏರಿ ಮಣ್ಣು ಕರಗತೊಡಗಿತು. ಒಂದು ಗಿಡ ಆಗಲೇ ಬಚ್ಚಲ ಕಡೆ ವಾಲಿತ್ತು. ಮೆಹರುನಬಿ ಬಾಗಿಲಲ್ಲಿ ನಿಂತು ನೋಡಿದಳು.

"ಹೋದ್ರ ಹೋಗ್ಲಿ ಬಿಡು, ಪೀಡಾ ಹೋತು," ಎಂದಳು.

ಫಿರದೋಸ್ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುದ್ದಲಿ ಎತ್ತಿಕೊಂಡು ಮಳೆಗೆ ಇಳಿದಳು. ಎರೆ ಮಣ್ಣು ಗುದ್ದಲಿಗೆ ಮೆತ್ತಿ ಮೇಲೇಳದು. ಅವಳು ಎಳೆದ ಗೆರೆ ಎರಡು ಹೆಜ್ಜೆಗೇ ತುಂಬಿಕೊಳ್ಳುತ್ತಿತ್ತು.

"ಅಲ್ಲಿ ಅಲ್ಲ," ಎಂದಳು ಮೆಹರುನಬಿ ಬಾಗಿಲಿಂದ. ಸ್ವಲ್ಪ ತಡೆದು, "ಅತ್ತಾಗ ಏರ ಐತಿ, ನೀರ ಹರಿಯೂದಿಲ್ಲ. ಕಲ್ಲಿನ ಬಗಲಾಗ ತಗೀ" ಎಂದಳು. ಸೊಸೆಗೆ ತಿಳಿಯದಿದ್ದಾಗ ಕಡೆಗೆ ತಾನೇ ಇಳಿದು ಬಂದು, ಮಂಡಿಯೂರಿ, ಎರಡೂ ಕೈಯಿಂದ ಕೆಸರು ಬಾಚತೊಡಗಿದಳು. ಗುಲಫಶಾ ಒಳಗಿನಿಂದ ಬಟ್ಟೆ ಒಣಹಾಕುವ ಬಿದಿರ ಗಳ ತಂದು ವಾಲಿದ ಗಿಡಕ್ಕೆ ಆನಿಸಿ ಹಿಡಿದಳು. ಹಳೆಯ ಸೀರೆಯ ಅಂಚು ಹರಿದು ಸಡಿಲವಾಗಿ ಕಟ್ಟಿದರು, ಕಾಂಡಕ್ಕೆ ಕೊರೆಯದಂತೆ. ಮೂವರೂ ತಲೆಯಿಂದ ಪಾದದ ತನಕ ಕೆಸರು. ನೀರು ಮೊದಲು ಹೆದರಿದಂತೆ ಮಿಸುಕಿ, ಆಮೇಲೆ ಕಾಲುವೆ ಹಿಡಿದು ಬಚ್ಚಲಿನ ತೂಬಿಗೆ ಓಡಿತು.

ಮೆಹರುನಬಿ ಏದುಸಿರು ಬಿಡುತ್ತ ಒಗೆಯುವ ಕಲ್ಲಿನ ಮೇಲೆ ಕೂತಳು. "ಒಂದನ್ನ ಕೈಯಾರ ಕೊಂದ್ನಿ," ಎಂದಳು, ಸೊಸೆಗೋ ತನಗೋ. "ಇವು ಕಣ್ಣೆದುರಿಗೆ ಸಾಯೋದು ನೋಡಾಕ ಆಗಲಿಲ್ಲ ನೋಡು." ಫಿರದೋಸ್ ಚರಿಗೆಯಲ್ಲಿ ನೀರು ತಂದು ಅವಳ ಕಾಲಿನ ಕೆಸರು ತೊಳೆದಳು. ಮೆಹರುನಬಿ ಬೇಡ ಎನ್ನಲಿಲ್ಲ.

ಮಳೆ ಹೊಳವಾದ ದಿನ ಚಮನಸಾಬರು ಬಂದರು. ಫಿರದೋಸ್ ಚಹಾಕ್ಕೆ ಇಟ್ಟಳು. ಅವರು ಚೀಲ ಮುಂದಿನ ಖೋಲಿಯಲ್ಲಿಟ್ಟು, ಹಿತ್ತಲ ಬಾಗಿಲ ತನಕ ಬಂದು ಹೊಸ್ತಿಲ ಒಳಗೇ ನಿಂತರು. ಕಾಲುವೆ ನೋಡಿದರು. ಗಳಕ್ಕೆ ಕಟ್ಟಿದ ಸೀರೆಯ ಅಂಚು ನೋಡಿದರು. ಎರಡೂ ಗಿಡದ ನೆತ್ತಿಯಲ್ಲಿ ಹೊಸ ಎಲೆಯ ಸುರುಳಿ ಎದ್ದಿತ್ತು. ಬುಡದಲ್ಲಿ ಮರಿಗಳು ಒತ್ತಾಗಿ ಮೂಡಿದ್ದವು.

"ಮರಿ ಒಂದ ಬಿಟ್ಟು ಉಳಿದಾವು ತಗೀಬೇಕು," ಎಂದರು ತಮ್ಮಷ್ಟಕ್ಕೆ. "ಇಲ್ಲಂದ್ರ ದೊಡ್ಡದರ ಕಸುವು ಹೋಗತೈತಿ."

ಕಾಲು ಹೊಸ್ತಿಲು ದಾಟಲಿಲ್ಲ. ಮೆಹರುನಬಿ ಅಡುಗೆಮನೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಅವರು ಅವಳ ಕಡೆ ತಿರುಗಲಿಲ್ಲ. ಚಹಾದ ಬಟ್ಟಲು ಹಿಡಿದು ಬಂದ ಸೊಸೆಯ ಕಡೆ ತಿರುಗಿದರು.

"ಫಿರದೋಸ್," ಎಂದರು. ಆ ಮನೆಯಲ್ಲಿ ಅವರ ಬಾಯಿಂದ ಅವಳ ಹೆಸರು ಅವಳಿಗೇ ಕೇಳಿಸಿದ್ದು ಅದೇ ಮೊದಲು. "ನಾಳೆ ಹಿತ್ತಲಕ್ಕ ನಾ ಎಷ್ಟೊತ್ತಿಗೆ ಬರಬೇಕು?"

ಫಿರದೋಸ್ ಅತ್ತೆಯ ಕಡೆ ನೋಡಿದಳು. ಮೆಹರುನಬಿ ಮೊರದಲ್ಲಿ ಒಂದು ಕಲ್ಲು ಹೆಕ್ಕಿ ಬದಿಗಿಟ್ಟಳು, ತಲೆ ಎತ್ತಲಿಲ್ಲ. ಉತ್ತರ ತಾನೇ ಹೇಳಬೇಕು ಎಂಬುದು ಫಿರದೋಸ್‌ಗೆ ತಿಳಿಯಿತು. ಒಗೆತ, ಸ್ನಾನ, ಬಿಸಿಲು ಎಂದು ಅವಳು ಮನಸ್ಸಿನಲ್ಲೇ ಕೂಡಿಸಿ ನೋಡಿದಳು.

"ಹನ್ನೊಂದರ ಮ್ಯಾಲ ಬರ್ರಿ, ಅಬ್ಬಾ," ಎಂದಳು.

"ಹನ್ನೊಂದು," ಎಂದರು ಚಮನಸಾಬರು, ಡಿಪೋದಲ್ಲಿ ಬಸ್ಸು ಬಿಡುವ ಹೊತ್ತನ್ನು ಕೇಳಿಕೊಂಡವರಂತೆ. ಬಟ್ಟಲು ತೆಗೆದುಕೊಂಡು ಮುಂದಿನ ಖೋಲಿಗೆ ಹೋದರು. ಅಲ್ಲಿ ಗುಲಫಶಾ ಪುಸ್ತಕ ಸರಿಸಿ ಅವರಿಗೆ ಜಾಗ ಮಾಡಿಕೊಡುವುದು ಕೇಳಿಸಿತು.